ಏಪ್ರಿಲ್ ರಜೆಯಲ್ಲಿ ಪುಟ್ಟ ಮಕ್ಕಳೊಂದಿಗೆ ಲಂಡನ್: ಏಜೆಂಟರ ಪಟ್ಟಿಯನ್ನು ನಂಬಬಹುದೇ?

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ರಜೆಯಲ್ಲಿ ನಾವು ಮೈಸೂರಿನಿಂದ ಲಂಡನ್ನಿಗೆ ಹೊರಟಿದ್ದೇವೆ: ನಾನು, ನನ್ನ ಪತ್ನಿ, ಐದು ವರ್ಷದ ಮಗಳು, ಎರಡು ತುಂಬುತ್ತಿರುವ ಮಗ ಮತ್ತು ಎಪ್ಪತ್ತರ ಸಮೀಪದ ನನ್ನ ತಾಯಿ. ಅಲ್ಲಿ ಪರಿಚಯದವರಿದ್ದರೂ ಐದು ಜನ ಒಟ್ಟಿಗೆ ಹೋಗಿ ಅವರ ಮನೆಯಲ್ಲಿ ಇಳಿಯುವುದು ನ್ಯಾಯವಲ್ಲವೆಂದು ಹೋಟೆಲ್ ಹುಡುಕುತ್ತಿದ್ದೇವೆ. ಟ್ರಾವೆಲ್ ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಮೊದಲ ದಿನವೇ ಬೆಳಿಗ್ಗೆ ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಬದಲಾವಣೆ, ಅಲ್ಲಿಂದ ಲಂಡನ್ ಐ, ಊಟವಾದ ಮೇಲೆ ಟವರ್ ಆಫ್ ಲಂಡನ್, ಸಂಜೆ ಮೇಣದ ಬೊಂಬೆಗಳು, ರಾತ್ರಿ ಥೇಮ್ಸ್ ನದಿಯಲ್ಲಿ ದೋಣಿ ವಿಹಾರ ಎಂದಿದೆ. ಓದುವಾಗಲೇ ನನಗೆ ಸುಸ್ತಾಯಿತು. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮಲಗಲೇಬೇಕಾದ ಮಗನ ಗತಿಯೇನು ಎಂಬುದನ್ನು ಆ ಪಟ್ಟಿ ಯೋಚಿಸಿದಂತಿಲ್ಲ.

ನನ್ನ ಮುಖ್ಯ ಪ್ರಶ್ನೆ ಇದು. ಅಲ್ಲಿನ ಸುರಂಗ ರೈಲಿನಲ್ಲಿ ಮಗುವಿನ ತಳ್ಳುಗಾಡಿ ನಡೆಯುತ್ತದೆಯೇ, ಅಥವಾ ಎತ್ತಿಕೊಂಡೇ ತಿರುಗುವುದು ಮೇಲೇ? ಊಟದ ವಿಷಯದಲ್ಲಿ ತಾಯಿಯವರು ಶುದ್ಧ ಸಸ್ಯಾಹಾರಿ, ಮಗ ರಾಗಿ ಸರಿ ಮತ್ತು ಮೊಸರನ್ನದ ಹೊರತು ಬೇರೇನನ್ನೂ ಸುಲಭವಾಗಿ ತಿನ್ನುವವನಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹೌನ್ಸ್‌ಲೋ ಕನ್ನಡಿಗ

ಆ ಪಟ್ಟಿಯನ್ನು ಏಜೆಂಟರಿಗೇ ಹಿಂದಿರುಗಿಸಿಬಿಡಿ. ದಿನಕ್ಕೆ ಒಂದು ಜಾಗ, ಹೆಚ್ಚೆಂದರೆ ಅದರ ಪಕ್ಕದ ಒಂದು ಉದ್ಯಾನ. ಅಷ್ಟಕ್ಕಿಂತ ಹೆಚ್ಚು ಹಾಕಿಕೊಂಡರೆ ನೀವು ನೋಡುವುದು ಲಂಡನ್ನನ್ನಲ್ಲ, ಮಕ್ಕಳ ಅಳುವನ್ನು.

ತಳ್ಳುಗಾಡಿಯ ವಿಷಯ. ಸುರಂಗ ರೈಲಿನ ಮೊದಲ ಮಾರ್ಗ ಆರಂಭವಾದದ್ದು 1863ರಲ್ಲಿ. ಆಗ ಕಟ್ಟಿದವರ ಮನಸ್ಸಿನಲ್ಲಿ ತಳ್ಳುಗಾಡಿಯೂ ಇರಲಿಲ್ಲ, ಗಾಲಿಕುರ್ಚಿಯೂ ಇರಲಿಲ್ಲ. ಇಂದಿಗೂ 272 ನಿಲ್ದಾಣಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರಂ ಮುಟ್ಟಬಹುದು. ಆದರೆ 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ಕಥೆಯೇ ಬೇರೆ: ಅದರ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ, ಹೀಥ್ರೂ ವಿಮಾನ ನಿಲ್ದಾಣದಿಂದ ನೇರವಾಗಿ ನಗರದ ನಡುವಿಗೆ ಬರುತ್ತದೆ. ಅಲ್ಲಿಂದಲೇ ಹೊರಡುವ ಹಳೆಯ ಸುರಂಗ ರೈಲಿನ ಪಿಕಡಿಲಿ ಮಾರ್ಗಕ್ಕಿಂತ ದರ ಹೆಚ್ಚು, ನಿಜ. ಐದು ಜನ, ಸೂಟ್‌ಕೇಸುಗಳು, ರಾತ್ರಿಯಿಡೀ ನಿದ್ದೆಗೆಟ್ಟ ಮಕ್ಕಳು ಇರುವಾಗ ಅಲ್ಲಿ ಉಳಿತಾಯಕ್ಕೆ ಹೋಗಬೇಡಿ. ಹೋಟೆಲ್ಲನ್ನೂ ಆ ಮಾರ್ಗದ ನಿಲ್ದಾಣವೊಂದರ ಸಮೀಪದಲ್ಲೇ ಹಿಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಶರಾವತಿ ಕಣಿವೆ

ತಳ್ಳುಗಾಡಿ ಬೇಡವೇ ಬೇಡ. ನಾವು ಬೆನ್ನಿಗೆ ಕಟ್ಟಿಕೊಳ್ಳುವ ಜೋಳಿಗೆಯಂಥ ಚೀಲದಲ್ಲಿಯೇ ಮಗಳನ್ನು ಹೊತ್ತು ಎಲ್ಲ ಕಡೆಯೂ ತಿರುಗಿದೆವು. ಎಸ್ಕಲೇಟರ್ ಇರಲಿ, ಮೆಟ್ಟಿಲಿರಲಿ, ಜನಜಂಗುಳಿಯಿರಲಿ, ಕೈ ಎರಡೂ ಖಾಲಿ. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟಿಗೆ ಕಾಯುವವರ ಸಾಲು ಕಂಡು, ಮೆಟ್ಟಿಲಿನಲ್ಲಿ ಹೋದರಾಯಿತೆಂದು ಕೆಲವರು ತಳ್ಳುಗಾಡಿ ಹೊತ್ತು ಹತ್ತುತ್ತಾರೆ. ಅಲ್ಲಿರುವುದು 193 ಸುರುಳಿ ಮೆಟ್ಟಿಲು.

ಎರಡು ಜಡೆ

ಶರಾವತಿಯವರೇ, ನಿಮ್ಮ ಮಗಳಿಗೆ ಆಗ ಎಷ್ಟು ತಿಂಗಳು? ಎಂಟು ಕಿಲೋ ತೂಗುವ ಕೂಸನ್ನು ಹೊರುವುದು ಬೇರೆ, ಹನ್ನೆರಡು ಹದಿಮೂರು ಕಿಲೋ ತೂಗುತ್ತ ಮಧ್ಯೆ ಮಧ್ಯೆ ಇಳಿದು ಓಡಬೇಕೆನ್ನುವ ಎರಡು ವರ್ಷದ ಹುಡುಗನನ್ನು ಹೊರುವುದು ಬೇರೆ. ಹೊರುವವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ಸಾಮಾನ್ಯವಾಗಿ ಸಲಹೆ ಕೊಡುವವರು ಒಬ್ಬರು, ಸಂಜೆ ಸೊಂಟ ಹಿಡಿದುಕೊಂಡು ಕೂರುವವರು ಇನ್ನೊಬ್ಬರು. ತಳ್ಳುಗಾಡಿಯೆಂದರೆ ಮಗು ಕೂರುವ ಜಾಗ ಮಾತ್ರವಲ್ಲ, ಮಧ್ಯಾಹ್ನದ ಹಾಸಿಗೆ, ನೀರಿನ ಬಾಟಲಿ, ಮಳೆಯ ಅಂಗಿ, ತಿಂಡಿಯ ಡಬ್ಬಿ ಎಲ್ಲವೂ ಅದರಲ್ಲಿಯೇ. ಒಂದೇ ಕೈಯಲ್ಲಿ ಮಡಚಬಹುದಾದ ಹಗುರವಾದದ್ದನ್ನು ಒಯ್ಯಿರಿ ಎಂಬುದು ನನ್ನ ಮತ.

ಶರಾವತಿ ಕಣಿವೆ

ಮಗಳಿಗೆ ಆಗ ಒಂದೂವರೆ ವರ್ಷ, ಮತ್ತು ಹೊತ್ತವನು ನಾನೇ. ಆದರೂ ತೂಕದ ಮಾತನ್ನು ಒಪ್ಪುತ್ತೇನೆ.

ಜಯನಗರ ನಾಲ್ಕನೇ ಬ್ಲಾಕ್

ಇಷ್ಟೆಲ್ಲ ಚರ್ಚೆಯಲ್ಲಿ ಬಸ್ಸಿನ ಮಾತೇ ಬರಲಿಲ್ಲವಲ್ಲ! ಲಂಡನ್ನಿನ ಬಸ್ಸುಗಳೆಲ್ಲವೂ ತಗ್ಗಿನ ನೆಲದವು. ತಳ್ಳುಗಾಡಿಯನ್ನು ಮಡಚದೆಯೇ ಏರಿಸಬಹುದು. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ಬಸ್ಸು ಉಚಿತ. ದರ ಕೊಟ್ಟ ದೊಡ್ಡವರೊಬ್ಬರ ಜೊತೆಗೆ ನಾಲ್ಕು ಮಕ್ಕಳವರೆಗೆ ಸುರಂಗ ರೈಲೂ ಉಚಿತ. ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡನ್ನು ತಾಗಿಸಬೇಕು. ಒಬ್ಬೊಬ್ಬ ದೊಡ್ಡವರಿಗೂ ಪ್ರತ್ಯೇಕ ಕಾರ್ಡ್ ಬೇಕು, ಒಂದೇ ಕಾರ್ಡನ್ನು ಮೂವರಿಗೆ ತಾಗಿಸಲಾಗದು. ಆದ್ದರಿಂದ ಹೊರಡುವ ಮೊದಲೇ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಬಳಕೆಯನ್ನೂ ತಾಗಿಸಿ ಪಾವತಿಸುವ ಸೌಲಭ್ಯವನ್ನೂ ತೆರೆದಿಡಿ. ತಾಯಿಯವರ ಬಳಿ ಅಂಥ ಕಾರ್ಡಿಲ್ಲದಿದ್ದರೆ ಮೊದಲೇ ಹಣ ತುಂಬಿಸಿಟ್ಟು ಬಳಸುವ ಅಲ್ಲಿನ ಆಯ್ಸ್ಟರ್ ಪ್ರಯಾಣ ಕಾರ್ಡ್ ಕೊಳ್ಳಿ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸು ಹಿಡಿದರೆ ಮತ್ತೆ ಹಣ ಕಡಿತವಾಗುವುದಿಲ್ಲ. ಮಕ್ಕಳಿರುವವರಿಗೆ ಈ ನಿಯಮ ವರದಾನ, ಏಕೆಂದರೆ ನಡುವೆ ಶೌಚಾಲಯಕ್ಕೆಂದು ಇಳಿಯಬೇಕಾದ ಪ್ರಸಂಗ ಬಂದೇ ಬರುತ್ತದೆ.

ಮಹಡಿ ಬಸ್ಸಿನ ಮೇಲಂತಸ್ತಿನ ಮುಂದಿನ ಆಸನ ಸಿಕ್ಕಿತೆಂದರೆ ಐದು ವರ್ಷದ ಮಗುವಿಗೆ ಬೇರೆ ಯಾವ ಟಿಕೆಟಿನ ಆಟವೂ ಬೇಡ. ಟ್ರಫಾಲ್ಗರ್ ಚೌಕದಿಂದ 15ನೇ ಸಂಖ್ಯೆಯ ಬಸ್ಸು ಹಿಡಿದರೆ ಸೇಂಟ್ ಪಾಲ್ಸ್ ಚರ್ಚು, ಟವರ್ ಆಫ್ ಲಂಡನ್ ಎರಡೂ ಕಿಟಕಿಯಲ್ಲೇ ಬರುತ್ತವೆ.

ಗಾಲಿ

ಮೇಲಿನವರು ಹೇಳಿದ್ದಕ್ಕೆ ಒಂದು ಮುಖ್ಯ ತಿದ್ದುಪಡಿ. ಬಸ್ಸಿನ ಆ ತೆರವಾದ ಜಾಗ ಮೂಲತಃ ಗಾಲಿಕುರ್ಚಿಯವರದು. ನಾನು ಗಾಲಿಕುರ್ಚಿ ಬಳಸುವವನು, ಉದ್ಯೋಗದ ನಿಮಿತ್ತ ಕೆಲಕಾಲ ಅಲ್ಲಿ ವಾಸವಾಗಿದ್ದೆ. ನಿಲ್ದಾಣದಲ್ಲಿ ನನ್ನಂಥವರು ಕಂಡರೆ ತಳ್ಳುಗಾಡಿಯನ್ನು ಮಡಚಬೇಕು ಅಥವಾ ಸರಿಸಿ ಜಾಗ ಮಾಡಿಕೊಡಬೇಕು. ಇದೇ ವಿವಾದ ಯಾರ್ಕ್‌ಶೈರಿನ ಬಸ್ಸೊಂದರ ಪ್ರಕರಣವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಜಾಗ ಬಿಡಲೊಲ್ಲದ ಪ್ರಯಾಣಿಕರನ್ನು ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಅದಕ್ಕಿಂತ ಹೆಚ್ಚಿನ ಪ್ರಯತ್ನ ಮಾಡಬೇಕೆಂದು 2017ರಲ್ಲಿ ತೀರ್ಪಾಯಿತು. ಮಲಗಿದ ಮಗುವನ್ನು ಎಬ್ಬಿಸುವುದು ಕಷ್ಟವೆಂದು ನನಗೂ ಗೊತ್ತು. ಆದರೆ ನಿಮಗೆ ಮಡಚುವ ಆಯ್ಕೆಯಿದೆ, ನನಗಿಲ್ಲ.

ಎರಡು ಜಡೆ

ಖಂಡಿತ ಸರಿ ಸರ್. ಅದಕ್ಕಾಗಿಯೇ ದೊಡ್ಡ ರಥದಂಥ ಗಾಡಿ ಬೇಡ, ಬೇಗ ಮಡಚುವಂಥದ್ದು ಸಾಕು ಎಂದು ಮತ್ತೊಮ್ಮೆ ಹೇಳುತ್ತೇನೆ.

ನಿವೃತ್ತ ಮೇಷ್ಟ್ರು

ನನ್ನದೊಂದು ಭಿನ್ನಾಭಿಪ್ರಾಯವಿದೆ, ಯಾರೂ ಬೇಸರಿಸಬಾರದು. ಎರಡು ವರ್ಷದ ಮಗುವಿಗೆ ಲಂಡನ್ ಏನು ತಿಳಿದೀತು? ಐದು ವರ್ಷದವಳಿಗೂ ಮುಂದೆ ಏನೂ ನೆನಪಿರುವುದಿಲ್ಲ. ಅಷ್ಟು ಲಕ್ಷಗಳನ್ನು ಖರ್ಚು ಮಾಡಿ, ಹತ್ತು ಗಂಟೆಗೂ ಮಿಕ್ಕಿ ವಿಮಾನದಲ್ಲಿ ಕೂರಿಸಿ, ವಯಸ್ಸಾದ ತಾಯಿಯನ್ನೂ ದಣಿಸಿ ಪಡೆಯುವುದೇನು? ಮೈಸೂರಿನಲ್ಲಿಯೇ 1892ರಲ್ಲಿ ಆರಂಭವಾದ ಮೃಗಾಲಯವಿದೆ. ಮಕ್ಕಳು ಹತ್ತು ಹನ್ನೆರಡು ವರ್ಷದವರಾದ ಮೇಲೆ ಹೋದರೆ ಇತಿಹಾಸವನ್ನಾದರೂ ಅರಿತಾರು.

ಮಂಡ್ಯದ ಸೊಸೆ

ಮೇಷ್ಟ್ರೇ, ಹನ್ನೆರಡು ವರ್ಷವಾದ ಮೇಲೆ ಅವರು ತಮ್ಮ ಫೋನಿನಿಂದ ತಲೆಯೆತ್ತುವುದಿಲ್ಲ. ಈ ಪ್ರಯಾಣ ಮಕ್ಕಳ ನೆನಪಿಗಾಗಿ ಮಾತ್ರ ಎಂದು ಯಾರು ಹೇಳಿದರು? ಅವರ ತಾಯಿಗೆ ಎಪ್ಪತ್ತು ಸಮೀಪಿಸಿದೆ. ಮಕ್ಕಳು ಬೆಳೆಯಲಿ ಎಂದು ಕಾದರೆ ಅಜ್ಜಿಯ ಮೊಣಕಾಲು ಕಾಯುವುದಿಲ್ಲ. ಮೊಮ್ಮಕ್ಕಳೂ ಅಜ್ಜಿಯೂ ಒಟ್ಟಿಗೆ ಹೋಗಬಹುದಾದ ಕಾಲವೆಂದರೆ ಇದೇ.

ಹೌನ್ಸ್‌ಲೋ ಕನ್ನಡಿಗ

ಖರ್ಚಿನ ವಿಷಯದಲ್ಲಿ ಮೇಷ್ಟ್ರ ಮಾತನ್ನು ತಳ್ಳಿಹಾಕುವಂತಿಲ್ಲ. ವಿಮಾನ ಮತ್ತು ವಸತಿ ಎರಡೂ ದುಬಾರಿ. ಒಂದು ಸೂಕ್ಷ್ಮವನ್ನು ಗಮನಿಸಿ: ಎರಡು ವರ್ಷ ತುಂಬದ ಮಗುವಿಗೆ ಮಡಿಲ ಟಿಕೆಟ್ ಸಾಕು, ಆದರೆ ಪ್ರವಾಸದ ನಡುವೆ ಎರಡು ತುಂಬಿದರೆ ಹಿಂದಿರುಗುವಾಗ ಪ್ರತ್ಯೇಕ ಆಸನ ಕೊಳ್ಳಲೇಬೇಕು. ‘ಎರಡು ತುಂಬುತ್ತಿರುವ’ ಎಂದಿದ್ದೀರಿ, ಹುಟ್ಟಿದ ದಿನಾಂಕವನ್ನು ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಮಕ್ಕಳಿಗೂ ಪ್ರತ್ಯೇಕ ವೀಸಾ ಬೇಕು, ತಂದೆತಾಯಿಯ ವೀಸಾದೊಳಗೆ ಅವರು ಸೇರುವುದಿಲ್ಲ.

ಆದರೆ ಊರೊಳಗೆ ಕಾಲಿಟ್ಟ ಮೇಲೆ ಲಂಡನ್ ಮಕ್ಕಳ ಮಟ್ಟಿಗೆ ಅಗ್ಗದ ಊರು. ದೊಡ್ಡ ವಸ್ತುಸಂಗ್ರಹಾಲಯಗಳ ಶಾಶ್ವತ ಪ್ರದರ್ಶನಗಳಿಗೆ ಪ್ರವೇಶ ಶುಲ್ಕವಿಲ್ಲ. ಹಣ ಕೊಟ್ಟಿದ್ದೇವೆಂದು ಸಂಜೆಯವರೆಗೆ ಮಕ್ಕಳನ್ನು ಎಳೆದಾಡಬೇಕಾಗಿಲ್ಲ. ಒಂದು ಗಂಟೆ ನೋಡಿ ಹೊರಗೆ ಬಂದುಬಿಡಬಹುದು, ಬೇಕಾದರೆ ಮರುದಿನ ಮತ್ತೆ ಹೋಗಬಹುದು.

ತುಂಗಾತೀರ

ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮನ್ನು ಬಿಡಲೇಬೇಡಿ. ಮುಖ್ಯ ಸಭಾಂಗಣದ ಛಾವಣಿಯಿಂದ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರವನ್ನು ತೂಗುಹಾಕಿದ್ದಾರೆ. 2017ರವರೆಗೆ ಆ ಜಾಗದಲ್ಲಿ ಡಿಪ್ಲೊಡೋಕಸ್ ಡೈನೋಸಾರ್ ನಿಂತಿತ್ತು. ಡೈನೋಸಾರ್ ವಿಭಾಗದಲ್ಲಿ ತಲೆಯಾಡಿಸುತ್ತ ಗರ್ಜಿಸುವ ಯಂತ್ರದ ಟಿ-ರೆಕ್ಸ್ ಇದೆ. ಐದು ವರ್ಷದವಳು ಕುಣಿದಾಳು, ಎರಡು ವರ್ಷದವನು ಕಿರುಚಿಯಾನು. ಒಬ್ಬರು ಮಗನನ್ನು ಹೊರಗೆ ಇಟ್ಟುಕೊಳ್ಳಲು ಸಿದ್ಧರಾಗಿರಿ. ಉಚಿತವಾದರೂ ಸಮಯ ನಿಗದಿ ಮಾಡಿಕೊಂಡು ಹೋಗುವುದು ಒಳ್ಳೆಯದು. ತಳ್ಳುಗಾಡಿಯವರು ಎದುರಿನ ಮೆಟ್ಟಿಲ ಬಾಗಿಲನ್ನು ಬಿಟ್ಟು ಎಕ್ಸಿಬಿಷನ್ ರಸ್ತೆಯ ಬಾಗಿಲಿನಿಂದ ಒಳಹೋಗಬೇಕು.

ದಿನಾಂಕವೂ ಮುಖ್ಯ. ಈಸ್ಟರ್ ಆಸುಪಾಸಿನಲ್ಲಿ ಅಲ್ಲಿನ ಶಾಲೆಗಳಿಗೆ ಎರಡು ವಾರ ರಜೆ ಇರುವುದರಿಂದ ಈ ಜಾಗಗಳೆಲ್ಲ ಜಾತ್ರೆಯಾಗಿರುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆ ಮೇ ಕೊನೆಯವರೆಗೆ ಇರುತ್ತದೆ. ಅವರ ಶಾಲೆಗಳು ಮತ್ತೆ ತೆರೆದ ಮೇಲೆ, ಅಂದರೆ ಏಪ್ರಿಲ್ ಕೊನೆಯ ವಾರದಲ್ಲಿ ಹೋದರೆ ವಾರದ ದಿನಗಳಲ್ಲಿ ನೆಮ್ಮದಿಯಾಗಿ ನೋಡಬಹುದು.

ಗಂಜಾಂ

ಅಲ್ಲಿಯವರೆಗೆ ಹೋದ ಮೇಲೆ ರಸ್ತೆಯ ಆಚೆ ಬದಿಯ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ನೋಡದೆ ಬರುವ ಮೈಸೂರಿನವರಿರುತ್ತಾರೆಯೇ? ಟಿಪ್ಪುವಿನ ಹುಲಿ ಆ ಸಂಗ್ರಹಾಲಯದ್ದು. ಯುರೋಪಿನ ಸೈನಿಕನ ಮೇಲೆ ಎರಗಿದ ಮರದ ಹುಲಿ, ಅದರ ಹೊಟ್ಟೆಯೊಳಗೆ ಹಿಡಿಕೆ ತಿರುಗಿಸಿದರೆ ಹುಲಿಯ ಗುರುಗುಡುವಿಕೆಯನ್ನೂ ಮನುಷ್ಯನ ನರಳಾಟವನ್ನೂ ಹೊರಡಿಸುವ ಯಂತ್ರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಯ್ದದ್ದು. ಈಗ ಅದನ್ನು ತಿರುಗಿಸಲು ಬಿಡುವುದಿಲ್ಲ, ಗಾಜಿನ ಆಚೆಯಿಂದ ನೋಡಬೇಕು. ಸಂಗ್ರಹಾಲಯಗಳು ಆಗಾಗ ನವೀಕರಣಕ್ಕೆಂದು ವಿಭಾಗಗಳನ್ನು ಮುಚ್ಚುವುದುಂಟು. ಹೊರಡುವ ಮೊದಲು ಅವರ ಜಾಲತಾಣದಲ್ಲಿ ಹುಲಿ ಪ್ರದರ್ಶನದಲ್ಲಿದೆಯೇ ಎಂದು ನೋಡಿಕೊಳ್ಳಿ.

ನಿವೃತ್ತ ಮೇಷ್ಟ್ರು

ಮನುಷ್ಯನನ್ನು ಹುಲಿ ಕಚ್ಚುವ ಬೊಂಬೆಯನ್ನು ಎರಡು ವರ್ಷದ ಮಗುವಿಗೆ ತೋರಿಸಬೇಕೇ?

ಗಂಜಾಂ

ನಮ್ಮ ಮನೆಯ ಮಕ್ಕಳು ಹೆದರಲಿಲ್ಲ ಮೇಷ್ಟ್ರೇ, ‘ಹುಲಿಗೆ ಊಟ ಸಿಕ್ಕಿದೆ’ ಎಂದು ಖುಷಿಪಟ್ಟರು. ನನಗೆ ಕಾಡಿದ ಪ್ರಶ್ನೆ ಬೇರೆ: ನಮ್ಮ ಊರಿನ ವಸ್ತು ಇಲ್ಲೇಕಿದೆ ಎಂದು ಐದು ವರ್ಷದವಳು ಕೇಳಿದರೆ ಉತ್ತರ ಸಿದ್ಧವಾಗಿರಬೇಕು. ‘ಯುದ್ಧದಲ್ಲಿ ಗೆದ್ದವರು ತೆಗೆದುಕೊಂಡು ಬಂದರು’ ಎಂದರೆ, ‘ಹಾಗಾದರೆ ವಾಪಸು ಯಾವಾಗ ಕೊಡುತ್ತಾರೆ’ ಎಂಬ ಮರುಪ್ರಶ್ನೆ ತಪ್ಪದು.

ಶಿಶುವೈದ್ಯೆ, ಹುಬ್ಬಳ್ಳಿ

ಆರೋಗ್ಯದ ಕುರಿತು ಯಾರೂ ಬರೆಯದ ಕಾರಣ ನಾನೇ ಬರೆಯುತ್ತೇನೆ. ಪ್ರವಾಸಿಗರಿಗೆ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಆರಂಭಿಕ ಚಿಕಿತ್ಸೆಗೆ ಶುಲ್ಕವಿಲ್ಲ. ಆದರೆ ಆಸ್ಪತ್ರೆಗೆ ದಾಖಲಾದ ಕ್ಷಣದಿಂದ ಭಾರತದಿಂದ ಹೋದವರಿಗೆ ಸರ್ಕಾರದ ನಿಗದಿತ ದರದ 150 ಪ್ರತಿಶತ ವಿಧಿಸುತ್ತಾರೆ. ಆದುದರಿಂದ ಪ್ರಯಾಣ ವಿಮೆಯಿಲ್ಲದೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬಾರದು. ತಾಯಿಯವರಿಗೆ ರಕ್ತದೊತ್ತಡ, ಮಧುಮೇಹ ಇದ್ದರೆ ವಿಮೆಯ ಅರ್ಜಿಯಲ್ಲಿ ಅದನ್ನು ಮುಚ್ಚಿಡಬೇಡಿ. ಪ್ರಾಣಾಪಾಯವಿದ್ದರೆ 999, ಏನು ಮಾಡಬೇಕೆಂಬ ಸಲಹೆ ಬೇಕಿದ್ದರೆ 111.

ಸಣ್ಣ ಜ್ವರ, ನೆಗಡಿಗೆ ನೇರವಾಗಿ ಔಷಧದ ಅಂಗಡಿಯವರನ್ನೇ ಕೇಳಬಹುದು. ಅವರು ತಾಳ್ಮೆಯಿಂದ ವಿಚಾರಿಸಿ ಹೇಳುತ್ತಾರೆ. ಆದರೆ ನಮ್ಮಲ್ಲಿಯಂತೆ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಸಿಗುವ ಪದ್ಧತಿ ಅಲ್ಲಿಲ್ಲ. ಇನ್ನೊಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಅಲ್ಲಿ ಚಿಕ್ಕ ಮಕ್ಕಳಿಗೆ ಮಾರುವ ಪ್ಯಾರಾಸಿಟಮಾಲ್ ದ್ರಾವಣ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುತ್ತದೆ, ಆರು ವರ್ಷ ದಾಟಿದವರದು 250. ನಮ್ಮಲ್ಲೂ ಎರಡೂ ಬಗೆಯ ಬಾಟಲಿಗಳಿವೆ, ಜೊತೆಗೆ ಇನ್ನೂ ಗಾಢವಾದ ಹನಿಗಳಿವೆ. ಮನೆಯಲ್ಲಿ ಎಷ್ಟು ಮಿಲಿಲೀಟರ್ ಕೊಡುತ್ತಿದ್ದೆವೋ ಅಷ್ಟೇ ಎಂದು ಬೇರೆ ಬಾಟಲಿಯಿಂದ ಅಳೆದು ಕೊಡಬಾರದು. ಮಗುವಿನ ತೂಕಕ್ಕೆ ಎಷ್ಟು ಮಿಲಿಗ್ರಾಂ ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಂಡು ಹೋಗಿ. ವಿಮಾನ ಇಳಿಯುವಾಗ ಕಿವಿನೋವು ಬಾರದಂತೆ ಮಗನಿಗೆ ಏನಾದರೂ ಕುಡಿಸುತ್ತಿರಿ.

ಕುಕ್ಕರಹಳ್ಳಿ ದಂಡೆ

ಡಾಕ್ಟರ್ ಮೇಡಂ, ಬಹಳ ಉಪಕಾರವಾಯಿತು. ಎಲ್ಲರ ಸಲಹೆಯಂತೆ ಏಪ್ರಿಲ್ ಕೊನೆಯ ವಾರಕ್ಕೆ ದಿನಾಂಕ ಬದಲಿಸುವುದಾಗಿ ಏಜೆಂಟರಿಗೆ ತಿಳಿಸಿದ್ದೇನೆ. ಅಂದ ಹಾಗೆ, ಬೇಗ ಏಳುವ ಮಗ ಅಲ್ಲಿ ಎಷ್ಟು ಗಂಟೆಗೆ ಏಳುತ್ತಾನೆಂಬ ಚಿಂತೆ ನನ್ನ ಪತ್ನಿಗೆ ಹತ್ತಿದೆ. ಊಟದ ಬಗ್ಗೆಯೂ ಯಾರಾದರೂ ಹೇಳುವಿರಾ? ತಾಯಿಯವರು ಈಗಾಗಲೇ ತುಪ್ಪ ಕಾಯಿಸಿ ಡಬ್ಬಿ ತುಂಬುವ ಮಾತನಾಡುತ್ತಿದ್ದಾರೆ.

ಎರಡು ಜಡೆ

ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಡಿಸಿ! ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಸ್ವಂತ ಬಳಕೆಗಾದರೂ ಒಯ್ಯುವಂತಿಲ್ಲ, ಮಾಂಸದ್ದೂ ಅದೇ ನಿಯಮ. ಕಂಪನಿಯ ಪೊಟ್ಟಣದಲ್ಲಿರುವ, ಫ್ರಿಜ್ ಬೇಡದ ಶಿಶು ಹಾಲಿನ ಪುಡಿ ಮತ್ತು ಶಿಶು ಆಹಾರಕ್ಕೆ ಮಾತ್ರ ಎರಡು ಕಿಲೋವರೆಗೆ ವಿನಾಯಿತಿಯಿದೆ. ರಾಗಿ ಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿಗಳಲ್ಲಿ ಹಾಲಿನ ಅಂಶವಿಲ್ಲವಾದ್ದರಿಂದ ಆ ತಕರಾರಿಲ್ಲ. ತುಪ್ಪವನ್ನು ಅಲ್ಲಿನ ಭಾರತೀಯ ಅಂಗಡಿಗಳಲ್ಲಿಯೇ ಕೊಳ್ಳಬಹುದು.

ಹೋಟೆಲ್ ಕೋಣೆಯ ಬದಲು ಅಡುಗೆಮನೆಯಿರುವ ಸಣ್ಣ ಅಪಾರ್ಟ್‌ಮೆಂಟ್ ಹಿಡಿಯಿರಿ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಬಾಟಲಿಯ ಮುಚ್ಚಳದ ಬಣ್ಣ ನೋಡಬೇಕು: ಸಾಮಾನ್ಯವಾಗಿ ನೀಲಿಯದು ಕೆನೆಭರಿತ ಹಾಲು, ಹಸಿರಿನದು ಅರ್ಧ ಕೆನೆ ತೆಗೆದದ್ದು, ಕೆಂಪಿನದು ಪೂರ್ತಿ ತೆಗೆದದ್ದು. ಎರಡು ವರ್ಷದೊಳಗಿನ ಮಗುವಿಗೆ ನೀಲಿಯದೇ ಆಗಬೇಕು. ಅಕ್ಕಿ, ಬೇಳೆ, ಮೊಸರು ಎಲ್ಲ ದೊಡ್ಡ ಅಂಗಡಿಗಳಲ್ಲೂ ಸಿಗುತ್ತವೆ. ನಲ್ಲಿ ನೀರನ್ನು ಹಾಗೆಯೇ ಕುಡಿಯಬಹುದು.

ಪತ್ನಿಯವರ ಚಿಂತೆಗೆ: ಏಪ್ರಿಲ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ ಏಳಕ್ಕೆ ಏಳುವವನು ಮೊದಲ ದಿನಗಳಲ್ಲಿ ಅಲ್ಲಿ ರಾತ್ರಿ ಎರಡೂವರೆಗೆ ಎದ್ದು ಆಟಕ್ಕೆ ಕರೆಯುತ್ತಾನೆ. ಅಡುಗೆಮನೆ ಬೇಕೆನ್ನಲು ಇದೂ ಒಂದು ಕಾರಣ, ಆ ಹೊತ್ತಿನಲ್ಲಿ ಹಸಿದ ಮಗುವಿಗೆ ಹಾಲು ಕಾಯಿಸಿಕೊಡುವವರು ಬೇರೆ ಯಾರಿರುತ್ತಾರೆ?

ಮಂಡ್ಯದ ಸೊಸೆ

ಹಾಗಾದರೆ ಮೈಸೂರು ಪಾಕ್? ಪರಿಚಯದವರ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ?

ಹೌನ್ಸ್‌ಲೋ ಕನ್ನಡಿಗ

ಬಿಸ್ಕತ್ತು, ಕೆನೆಯಿಲ್ಲದ ಕೇಕು, ಹೆಚ್ಚು ಹಾಲಿನ ಅಂಶವಿಲ್ಲದ ಮಿಠಾಯಿಗೆ ಅವಕಾಶವಿದೆ. ಖೋವಾದಿಂದ ಮಾಡಿದ ಧಾರವಾಡ ಪೇಡೆಯನ್ನು ನಾನಂತೂ ತರಹೇಳುವುದಿಲ್ಲ. ಮೈಸೂರು ಪಾಕಿನ ವಿಷಯದಲ್ಲಿ ಎದುರಿಗಿರುವ ಅಧಿಕಾರಿಯ ತೀರ್ಮಾನವೇ ಅಂತಿಮ. ಸಂಶಯವಿದ್ದರೆ ಮುಚ್ಚಿಡದೆ ಘೋಷಿಸುವುದು ಕ್ಷೇಮ. ನಿಮ್ಮ ಪರಿಚಯದವರಿಗೆ ಹುರಿಗಡಲೆ ಚಟ್ನಿಪುಡಿ ಕೊಟ್ಟರೆ ಹೆಚ್ಚು ಸಂತೋಷಪಡುತ್ತಾರೆ ಎಂದು ಇಲ್ಲಿರುವ ನಾನು ಖಾತರಿ ಕೊಡುತ್ತೇನೆ.

ಹೊರಗಿನ ಊಟಕ್ಕೆ ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ರಸ್ತೆಯಲ್ಲಿ ಹಳೆಯ ಸಸ್ಯಾಹಾರಿ ಹೋಟೆಲುಗಳಿವೆ, ದೋಸೆ ಸಿಗುತ್ತದೆ. ಈಸ್ಟ್ ಹ್ಯಾಮ್, ವೆಂಬ್ಲಿ ಕಡೆ ಇನ್ನೂ ಹೆಚ್ಚು, ಆದರೆ ನಗರದ ನಡುವಿನಿಂದ ದೂರ. ಒಂದು ಇಡ್ಲಿಗಾಗಿ ಮಕ್ಕಳನ್ನು ಅಷ್ಟು ದೂರ ಕರೆದೊಯ್ಯುವುದು ಬೇಡ.

ತುಂಗಾತೀರ

ಯಾರೂ ಹೇಳಲು ಸಂಕೋಚಪಡುವ ವಿಷಯವೊಂದಿದೆ: ಅಲ್ಲಿನ ಶೌಚಾಲಯಗಳಲ್ಲಿ ನೀರಿನ ಜೆಟ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಿ, ತಾಯಿಯವರು ನಿಮ್ಮನ್ನು ಹರಸುತ್ತಾರೆ. ಹೊರಗೆ ತಿರುಗುವಾಗ ವಸ್ತುಸಂಗ್ರಹಾಲಯಗಳಲ್ಲೂ ದೊಡ್ಡ ರೈಲು ನಿಲ್ದಾಣಗಳಲ್ಲೂ ಶೌಚಾಲಯ ಉಚಿತ, ಮಗುವಿನ ಡೈಪರ್ ಬದಲಿಸುವ ಮಂಚವೂ ಇರುತ್ತದೆ. ಹಾಲುಣಿಸುವ ತಾಯಂದಿರನ್ನು ಹೋಟೆಲು, ಅಂಗಡಿ, ಬಸ್ಸುಗಳಲ್ಲಿ ಯಾರೂ ಎಬ್ಬಿಸಿ ಕಳುಹಿಸುವಂತಿಲ್ಲ, 2010ರ ಸಮಾನತಾ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆಯಿದೆ.

ಜಯನಗರ ನಾಲ್ಕನೇ ಬ್ಲಾಕ್

ಏಜೆಂಟರ ಪಟ್ಟಿಯ ಮೊದಲ ಸಾಲಿಗೆ ಬರೋಣ. ಅರಮನೆಯ ಮುಂದಿನ ಕಾವಲು ಬದಲಾವಣೆ ಪ್ರತಿದಿನ ಇರುವುದಿಲ್ಲ, ಇರುವ ದಿನ ಗಂಟೆಗಟ್ಟಲೆ ಮೊದಲೇ ಹೋಗಿ ಕಂಬಿ ಹಿಡಿದು ನಿಲ್ಲದಿದ್ದರೆ ಮಕ್ಕಳಿಗೆ ಕಾಣುವುದು ಎದುರಿಗಿರುವವರ ಬೆನ್ನು ಮಾತ್ರ. ಅದರ ಬದಲು ವೈಟ್‌ಹಾಲ್ ಬಳಿಯ ಹಾರ್ಸ್ ಗಾರ್ಡ್ಸ್ ಮೈದಾನಕ್ಕೆ ಹೋಗಿ. ಅಲ್ಲಿ ಕುದುರೆ ಸವಾರರ ಕಾವಲು ಬದಲಾವಣೆ ಬೆಳಿಗ್ಗೆ 11ಕ್ಕೆ, ಭಾನುವಾರ 10ಕ್ಕೆ ನಡೆಯುತ್ತದೆ. ಜನ ಕಡಿಮೆ, ಕುದುರೆಗಳು ಹತ್ತಿರ. ಕುದುರೆ ಕಚ್ಚಬಹುದು, ಒದೆಯಬಹುದು ಎಂಬ ಫಲಕವನ್ನು ತಮಾಷೆಯೆಂದು ತಿಳಿಯಬೇಡಿ.

ಟವರ್ ಆಫ್ ಲಂಡನ್ನನ್ನು ಕೈಬಿಡಿ ಎನ್ನುತ್ತೇನೆ. ಕಲ್ಲುಹಾಸಿನ ದಾರಿ, ಕಿರಿದಾದ ಸುತ್ತುಮೆಟ್ಟಿಲು, ಹೆಚ್ಚಿನ ಶುಲ್ಕ.

ಗಂಜಾಂ

ಕೈಬಿಡಿ ಎನ್ನುವುದು ಅತಿಯಾಯಿತು. ಕೊಹಿನೂರ್ ವಜ್ರವಿರುವ ಕಿರೀಟ ಅಲ್ಲಿದೆ. ತಾಯಿಯವರಿಗೆ ಅದನ್ನು ನೋಡುವ ಆಸೆಯಿರಬಹುದು. ಅಂಗಳದಲ್ಲಿ ಸಾಕಿದ ದೊಡ್ಡ ಕಾಗೆಗಳು ತಿರುಗಾಡುತ್ತಿರುತ್ತವೆ, ಮಕ್ಕಳಿಗೆ ಕಿರೀಟಕ್ಕಿಂತ ಅವೇ ಹೆಚ್ಚು. ತಳ್ಳುಗಾಡಿಯನ್ನು ಹೊರಗೆ ಬಿಟ್ಟು, ಬೆಳಿಗ್ಗೆ ತೆರೆದ ಕೂಡಲೇ ಹೋಗಿ ಊಟದ ಹೊತ್ತಿಗೆ ಹೊರಬರಬಹುದು.

ಜಯನಗರ ನಾಲ್ಕನೇ ಬ್ಲಾಕ್

ಕಾಗೆ ನೋಡಲು ಅಷ್ಟು ಪೌಂಡ್ ಕೊಡುವ ಬದಲು ಅದೇ ಟವರ್ ಪಕ್ಕದ ಟವರ್ ಗೇಟ್‌ವೇ ನಿಲ್ದಾಣದಲ್ಲಿ ಡಾಕ್‌ಲ್ಯಾಂಡ್ಸ್ ರೈಲು ಹಿಡಿಯಿರಿ. 1987ರಲ್ಲಿ ಆರಂಭವಾದ ಈ ರೈಲಿಗೆ ಚಾಲಕನ ಕೋಣೆಯೇ ಇಲ್ಲ; ಮುಂದಿನ ಗಾಜಿನ ಹಿಂದಿನ ಆಸನದಲ್ಲಿ ಕೂತ ಮಕ್ಕಳು ರೈಲನ್ನು ತಾವೇ ಓಡಿಸುತ್ತಿದ್ದೇವೆಂದು ನಂಬುತ್ತಾರೆ. ನಡುವೆ ಲೂಯಿಶಾಮ್ ಕಡೆಯ ರೈಲಿಗೆ ಬದಲಿಸಿ ಮಡ್‌ಶೂಟ್ ನಿಲ್ದಾಣದಲ್ಲಿಳಿದರೆ 32 ಎಕರೆಯ ಉಚಿತ ಹೊಲ: ಹಸು, ಕುರಿ, ಕತ್ತೆ, ಹಿನ್ನೆಲೆಯಲ್ಲಿ ಕ್ಯಾನರಿ ವಾರ್ಫಿನ ಗಗನಚುಂಬಿಗಳು. ಮುಂದಿನ ಐಲ್ಯಾಂಡ್ ಗಾರ್ಡನ್ಸ್ ನಿಲ್ದಾಣದ ಬಳಿ, ಥೇಮ್ಸ್ ನದಿಯ ಅಡಿಯಲ್ಲಿ ನಡೆದು ಹೋಗುವ 1902ರ ಸುರಂಗವಿದೆ. ಆಚೆ ದಡದಲ್ಲಿ ಗ್ರೀನಿಚ್, ಕಟ್ಟಿ ಸಾರ್ಕ್ ಹಡಗು, ಬೆಟ್ಟದ ಮೇಲೆ ಶೂನ್ಯ ರೇಖಾಂಶ. ಸುರಂಗದ ಲಿಫ್ಟುಗಳು ಕೆಲವೊಮ್ಮೆ ಕೆಟ್ಟಿರುತ್ತವೆ, ಹಾಗಾದರೆ ರೈಲಿನಲ್ಲಿಯೇ ಆಚೆಗೆ ಹೋಗಿ.

ನಿವೃತ್ತ ಮೇಷ್ಟ್ರು

ಹಸು, ಕುರಿ ನೋಡಲು ಲಂಡನ್ನಿಗೆ ಹೋಗಬೇಕೇ?

ಎರಡು ಜಡೆ

ಮಕ್ಕಳೊಂದಿಗಿನ ಪ್ರವಾಸವೆಂದರೆ ಅದೇ ಮೇಷ್ಟ್ರೇ! ಅವರು ಓಡಲು ಜಾಗವಿದ್ದಲ್ಲಿ ನಾವು ಉಸಿರಾಡುತ್ತೇವೆ. ಬ್ಲೂಮ್ಸ್‌ಬರಿಯಲ್ಲಿ ಕೋರಮ್ಸ್ ಫೀಲ್ಡ್ಸ್ ಎಂಬ ಆಟದ ಮೈದಾನವಿದೆ. ಮಗುವಿನ ಜೊತೆಯಿಲ್ಲದ ದೊಡ್ಡವರಿಗೆ ಅಲ್ಲಿ ಪ್ರವೇಶವೇ ಇಲ್ಲ. ಥಾಮಸ್ ಕೋರಮ್ ಎಂಬ ನಾವಿಕ 1739ರಲ್ಲಿ ಸ್ಥಾಪಿಸಿದ ಅನಾಥ ಶಿಶುಗಳ ಆಶ್ರಯಧಾಮದ ಕಟ್ಟಡವಿದ್ದ ಜಾಗವದು. ಬ್ರಿಟಿಷ್ ಮ್ಯೂಸಿಯಂ ನಡೆದುಹೋಗುವಷ್ಟು ಸಮೀಪ. ಒಬ್ಬರು ಮಕ್ಕಳನ್ನು ಆಡಿಸುತ್ತಿರುವಾಗ ಇನ್ನೊಬ್ಬರು ಅಜ್ಜಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿಬರಬಹುದು. ಐವರೂ ಸದಾ ಒಟ್ಟಿಗೇ ಇರಬೇಕೆಂಬ ಹಟ ಬಿಟ್ಟರೆ ಪ್ರವಾಸ ಹಗುರಾಗುತ್ತದೆ. ಬೆತ್ನಲ್ ಗ್ರೀನಿನಲ್ಲಿ 2023ರಲ್ಲಿ ನವೀಕರಣಗೊಂಡು ತೆರೆದ ಯಂಗ್ ವಿ ಆ್ಯಂಡ್ ಎ ಕೂಡ ಮಕ್ಕಳಿಗಾಗಿಯೇ ಇರುವ ಸಂಗ್ರಹಾಲಯ, ಉಚಿತ. ಮಳೆಯ ದಿನಕ್ಕೆ ಇಟ್ಟುಕೊಳ್ಳಿ.

ಕುಕ್ಕರಹಳ್ಳಿ ದಂಡೆ

ಕೋರಮ್ಸ್ ಫೀಲ್ಡ್ಸ್, ಡಾಕ್‌ಲ್ಯಾಂಡ್ಸ್ ರೈಲು ಎರಡನ್ನೂ ಬರೆದುಕೊಂಡೆ. ತಾಯಿಯವರು ಈ ಚರ್ಚೆಯನ್ನು ನನ್ನಿಂದ ಓದಿಸಿಕೊಂಡು, ತಮ್ಮದು ಒಂದೇ ಬೇಡಿಕೆ ಎಂದಿದ್ದಾರೆ: ಲಂಡನ್ನಿನ ಬಸವಣ್ಣನವರ ಪ್ರತಿಮೆ ನೋಡಬೇಕಂತೆ. ಮಕ್ಕಳೊಂದಿಗೆ ಅಲ್ಲಿಗೆ ಹೋಗುವುದು ಸುಲಭವೇ? ಇನ್ನೊಂದು, ಟ್ಯಾಕ್ಸಿ ಹಿಡಿಯಬೇಕಾಗಿ ಬಂದರೆ ಮಗುವಿನ ಆಸನ ಕಡ್ಡಾಯವೇ?

ಹೌನ್ಸ್‌ಲೋ ಕನ್ನಡಿಗ

ಬಹಳ ಸುಲಭ. ಪ್ರತಿಮೆ ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಲ್ಯಾಂಬೆತ್ ಸೇತುವೆಯ ಬಳಿಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದರು. ವೆಸ್ಟ್‌ಮಿನ್‌ಸ್ಟರ್ ನಿಲ್ದಾಣದಲ್ಲಿ ಲಿಫ್ಟ್ ಇದೆ. ಅಲ್ಲಿಳಿದು ಸೇತುವೆ ದಾಟಿ, ಸೇಂಟ್ ಥಾಮಸ್ ಆಸ್ಪತ್ರೆಯ ಪಕ್ಕ ನದಿಯುದ್ದಕ್ಕೂ ನಡೆದರೆ ಎದುರು ದಡದಲ್ಲಿ ಪಾರ್ಲಿಮೆಂಟು ಪೂರ್ತಿಯಾಗಿ ಕಾಣುತ್ತದೆ. ಪಾದಚಾರಿ ದಾರಿ ಸಮತಟ್ಟಾಗಿದೆ, ತಳ್ಳುಗಾಡಿಗೂ ಹಿರಿಯರಿಗೂ ತೊಂದರೆಯಿಲ್ಲ. ಸೇತುವೆಯ ಮೇಲಿಂದಲೇ ಬಿಗ್ ಬೆನ್ ಕಾಣುವುದರಿಂದ ಏಜೆಂಟರ ಪಟ್ಟಿಯಲ್ಲಿ ಒಂದೆರಡು ಸಾಲು ಅಲ್ಲಿಯೇ ಹೊಡೆದುಹಾಕಬಹುದು. ಲಂಡನ್ ಐ ಕೂಡ ಅದೇ ದಡದಲ್ಲಿದೆ. ಒಂದು ಸುತ್ತಿಗೆ ಅರ್ಧ ಗಂಟೆ, ಗಾಜಿನ ಗೂಡಿನಲ್ಲಿ ಮಕ್ಕಳು ಓಡಾಡಿಕೊಂಡಿರಬಹುದು, ತಳ್ಳುಗಾಡಿಯನ್ನು ಮಾತ್ರ ಮಡಚಬೇಕು.

ಟ್ಯಾಕ್ಸಿಯಲ್ಲಿ ಮಗುವಿನ ಆಸನವಿಲ್ಲದಿದ್ದರೆ, ಮೂರು ವರ್ಷದೊಳಗಿನ ಮಗು ಹಿಂದಿನ ಸೀಟಿನಲ್ಲಿ ಹಾಗೆಯೇ ಕೂರಬಹುದೆಂದು ಕಾನೂನು ಹೇಳುತ್ತದೆ. ಮೂರು ದಾಟಿದವರು ಹಿಂದೆ ಕೂತು ದೊಡ್ಡವರ ಬೆಲ್ಟನ್ನೇ ಹಾಕಿಕೊಳ್ಳಬೇಕು. ಇದು ಟ್ಯಾಕ್ಸಿಗಳಿಗೆ ಇರುವ ವಿನಾಯಿತಿ. ನೀವೇ ಕಾರು ಬಾಡಿಗೆಗೆ ಪಡೆದು ಓಡಿಸಿದರೆ ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಆಸನ ಕಡ್ಡಾಯ.

ಶಿಶುವೈದ್ಯೆ, ಹುಬ್ಬಳ್ಳಿ

ಕಾನೂನು ಬಿಡುತ್ತದೆ ಎಂದ ಮಾತ್ರಕ್ಕೆ ಸುರಕ್ಷಿತವೆಂದಲ್ಲ. ಸಾಧ್ಯವಾದಷ್ಟು ಬಸ್ಸು, ರೈಲುಗಳಲ್ಲೇ ಓಡಾಡಿ.

ಗಾಲಿ

ತೀರಾ ಅಗತ್ಯವಿದ್ದರೆ ಕಪ್ಪು ಟ್ಯಾಕ್ಸಿಯನ್ನೇ ಹಿಡಿಯಿರಿ. ಅವೆಲ್ಲಕ್ಕೂ ಗಾಲಿಕುರ್ಚಿ ಏರಿಸುವ ಇಳಿಜಾರು ಹಲಗೆ ಕಡ್ಡಾಯವಾದ್ದರಿಂದ ನಿಮ್ಮ ತಳ್ಳುಗಾಡಿಯನ್ನು ಮಡಚದೆಯೇ ಒಳಗೆ ತರಬಹುದು, ಐವರಿಗೂ ಒಂದೇ ಗಾಡಿ ಸಾಕು. ದರ ಮಾತ್ರ ಮೀಟರಿನಲ್ಲಿ ಬೇಗ ಏರುತ್ತದೆ.

ನಿವೃತ್ತ ಮೇಷ್ಟ್ರು

ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ತಾಯಿಯವರನ್ನು ಬಸವಣ್ಣನವರ ಪ್ರತಿಮೆಯ ಬಳಿಗೆ ಮೊದಲ ದಿನ ಕರೆದೊಯ್ಯಬೇಡಿ. ನಿದ್ದೆ ಹೊಂದಿಕೊಳ್ಳಲಿ, ಮೂರನೆಯ ದಿನ ಬೆಳಿಗ್ಗೆ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ನದಿಯ ದಡದಲ್ಲಿ ಚಳಿಗಾಳಿ ಇರುತ್ತದೆ, ಅವರಿಗೊಂದು ಒಳ್ಳೆಯ ಶಾಲು ಮತ್ತು ಕಿವಿ ಮುಚ್ಚುವ ಟೊಪ್ಪಿಗೆ ಇರಲಿ.